ಐಗಳಿಯ ಗಾಳ, ಕಾರವಾರದ ಕಡಲು

ಕೃಷ್ಣೆಯ ನಡೆ ವಿಚಿತ್ರವಾದುದು. ಮಹಾಬಳೇಶ್ವರದಲ್ಲಿ ಅವಳು ಹುಟ್ಟುವ ನೆಲೆಗೂ ಪಡುವಣ ಕಡಲಿಗೂ ನಡುವೆ ಇರುವುದು ಅರುವತ್ತೈದು ಕಿಲೋಮೀಟರಿನಷ್ಟೇ ಅಂತರ. ಆದರೂ ಆ ತಾಯಿ ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಸುಮಾರು ೧,೪೦೦ ಕಿಲೋಮೀಟರು ನಡೆದು, ಮೂಡಣ ಸಮುದ್ರವನ್ನು ಸೇರುತ್ತಾಳೆ. ಆ ದೀರ್ಘ ಪಯಣದ ಮೊದಲ ಭಾಗದಲ್ಲಿ ಅವಳು ಹಾದುಹೋಗುವ ಸೀಮೆಗಳಲ್ಲಿ ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕೂ ಒಂದು. ಆ ತಾಲ್ಲೂಕಿನ ಮೂಡಣ ಭಾಗದಲ್ಲಿ, ಹೊಳೆಯ ತಂಗಾಳಿ ತಲುಪದಷ್ಟು ದೂರದಲ್ಲಿ, ಐಗಳಿ ಎಂಬ ಊರಿದೆ.

ಐಗಳಿ ಅಪ್ಪಟ ಬಯಲುಸೀಮೆಯ ಊರು. ಸಹ್ಯಾದ್ರಿಯು ತಡೆದು ಉಳಿಸಿದ ಮಳೆಯಷ್ಟೇ ಈ ಭಾಗದ ಪಾಲು. ಇಲ್ಲಿ ನೀರೆಂದರೆ ಎಣಿಸಿ ಎಣಿಸಿ ವೆಚ್ಚಮಾಡುವ ನಾಣ್ಯ. ಹಿಂದಿನ ತಲೆಮಾರಿನವರು ಕಪಿಲೆಯ ಬಾವಿಗೆ ಎತ್ತು ಹೂಡಿ, ರಾಟೆಯ ಕಿರುಗುಟ್ಟುವಿಕೆಯನ್ನು ಕೇಳುತ್ತ, ಒಂದೊಂದೇ ತೊಗಲುಚೀಲದ ನೀರನ್ನು ಮೇಲಕ್ಕೆತ್ತಿದರು. ಇಂದಿನವರು ಹನಿ ನೀರಾವರಿಯ ಕೊಳವೆಗಳಲ್ಲಿ ಅದೇ ಲೆಕ್ಕಾಚಾರವನ್ನು ಮುಂದುವರಿಸಿದ್ದಾರೆ. ಅಥಣಿಯ ಈ ಮೂಡಣ ಹಳ್ಳಿಗಳಲ್ಲಿ ದ್ರಾಕ್ಷಿಯ ಬಳ್ಳಿ ಬೇರೂರಿರುವುದು ಈ ಲೆಕ್ಕದ ಫಲವೇ ಹೊರತು ಆಕಾಶದ ಔದಾರ್ಯದಿಂದಲ್ಲ.

ಇಂಥ ನೆಲಕ್ಕೂ ಉಪ್ಪುನೀರಿನ ಮೀನುಬೇಟೆಗೂ ಏನು ನಂಟೆಂದು ಓದುಗರು ಹುಬ್ಬೇರಿಸಬಹುದು. ನಂಟು ರಸ್ತೆಯದು. ಸುಗ್ಗಿ ತೀರಿ ಕೈಗೆ ನಾಲ್ಕು ಕಾಸು ಬಂದಾಗ, ಬಯಲುಸೀಮೆಯ ಊರುಗಳಿಂದ ಗೋಕರ್ಣ, ಮುರುಡೇಶ್ವರ, ಕಾರವಾರಗಳ ಕಡೆಗೆ ಬಾಡಿಗೆಯ ವಾಹನಗಳು ಹೊರಡುತ್ತವೆ. ಹುಬ್ಬಳ್ಳಿಯನ್ನು ಹಾಯ್ದು, ಯಲ್ಲಾಪುರದ ಕಾಡನ್ನು ದಾಟಿ, ಅರೆಬೈಲು ಘಟ್ಟವನ್ನಿಳಿದು ಅಂಕೋಲೆಯ ಮೂಲಕ ಕಾರವಾರ ಸೇರುವ ಈ ದಾರಿ ಮುನ್ನೂರು ಕಿಲೋಮೀಟರಿಗೂ ಮೀರಿದ್ದು. ದೇವರ ದರ್ಶನವಾದ ಮೇಲೆ ಹಿರಿಯರು ಮರಳಿನ ಮೇಲೆ ವಿಶ್ರಮಿಸುತ್ತಾರೆ. ಕಿರಿಯರ ಕಣ್ಣು ಮಾತ್ರ ಕಲ್ಲುಬಂಡೆಯ ಮೇಲೆ ನಿಂತು ಗಾಳ ಬೀಸುತ್ತಿರುವವನ ಕಡೆಗೆ ಹೊರಳುತ್ತದೆ. ಬೀಸಿದ ಸೀಸದ ಗುಂಡು ಅಲೆಗಳಾಚೆ ಬೀಳುವುದು, ಕೋಲು ಬಾಗುವುದು, ಕೈಯಲ್ಲಿನ ಪುಟ್ಟ ಯಂತ್ರ ಗಿರ್ರೆಂದು ಕೂಗುವುದು—ಇವನ್ನು ಒಮ್ಮೆ ಕಂಡವನಿಗೆ ತನಗೂ ಅಂಥದೊಂದು ಬೇಕೆನಿಸದೆ ಇರದು. ಮರುವರ್ಷ ಅವನು ಬರುವಾಗ ಚೀಲದಲ್ಲಿ ಅಗ್ಗದ ರೀಲೊಂದು ಇರುತ್ತದೆ. ಅದರ ಮರುವರ್ಷಕ್ಕೆ ಆ ರೀಲು ಇರುವುದಿಲ್ಲ. ತಿರುಗದೆ ಕಚ್ಚಿಕೊಂಡು, ಮನೆಯ ಅಟ್ಟ ಸೇರಿರುತ್ತದೆ.

ಹಲವು ದಿನಗಳ ಕೂಲಿ ಹೀಗೆ ತುಕ್ಕಾಗಿ ಹೋಗುವುದು ಸಣ್ಣ ಮಾತಲ್ಲ. ಸಿರಿವಂತನಿಗೆ ರೀಲು ಆಟದ ಸಾಮಾನು. ಬಡವನಿಗೆ ಅದು ಬಹುಕಾಲ ಆಸೆಪಟ್ಟು ಕೊಂಡ ಒಡವೆ. ಆದುದರಿಂದ ಅಗ್ಗದ ರೀಲನ್ನು ಆರಿಸುವ ವಿವೇಕವು ದುಬಾರಿಯದನ್ನು ಕೊಳ್ಳುವ ವಿವೇಕಕ್ಕಿಂತ ಹೆಚ್ಚು ಅವಶ್ಯ.

ಅರಸನ ವಿನೋದ

ಗಾಳದ ಬೇಟೆ ಕನ್ನಡ ನಾಡಿಗೆ ಹೊಸದೇನಲ್ಲ. ಅಥಣಿಯ ಸೀಮೆ ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. ಆ ವಂಶದ ಮೂರನೆಯ ಸೋಮೇಶ್ವರನು ೧೧೩೧ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥವನ್ನು ರಚಿಸಿದನು. ರಾಜ್ಯಭಾರ, ಅಡುಗೆ, ಸಂಗೀತ, ಆನೆಗಳ ಪಾಲನೆ ಮೊದಲಾದ ವಿಷಯಗಳ ನಡುವೆ ‘ಮತ್ಸ್ಯವಿನೋದ’ಕ್ಕೂ ಅರಸನು ಒಂದು ಭಾಗವನ್ನು ಮೀಸಲಿಟ್ಟನು. ಸುಮಾರು ಮೂವತ್ತೈದು ಬಗೆಯ ಮೀನುಗಳು, ಅವು ಸಿಹಿನೀರಿನವೋ ಕಡಲಿನವೋ ಎಂಬ ವಿವೇಚನೆ, ಅವುಗಳಿಗೆ ಒಡ್ಡುವ ಆಹಾರ, ಗಾಳ ಹಾಕುವ ವಿಧಾನ ಎಲ್ಲವೂ ಅಲ್ಲಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಭಾಗವನ್ನು ಕುರಿತು ಪ್ರಬಂಧ ಬರೆದು ವಿದ್ವಾಂಸರ ಗಮನವನ್ನು ಸೆಳೆದರು.

ಸೋಮೇಶ್ವರನು ಬಲ್ಲ ಬೇಟೆಗೂ ಇಂದಿನ ಬೇಟೆಗೂ ಇರುವ ದೊಡ್ಡ ಅಂತರ ದಾರವನ್ನು ಸುತ್ತಿಡುವ ರೀಲಿನದು. ದಾರವನ್ನು ಚಕ್ರಕ್ಕೆ ಸುತ್ತಿ ಕೋಲಿಗೆ ಕಟ್ಟುವ ಉಪಾಯ ಚೀನದಲ್ಲಿ ಹಳೆಯದು. ಮಾ ಯುವಾನ್ ಎಂಬ ಚಿತ್ರಕಾರನು ೧೧೯೫ರ ಸುಮಾರಿಗೆ ಬರೆದ ಚಿತ್ರದಲ್ಲಿ, ಚಳಿಗಾಲದ ಸರೋವರದ ನಡುವೆ ದೋಣಿಯಲ್ಲಿ ಕುಳಿತ ಒಂಟಿ ಬೆಸ್ತನ ಕೋಲಿನಲ್ಲಿ ಅಂಥ ಚಕ್ರವೊಂದು ಕಾಣುತ್ತದೆ.

ಲಾಳಿಯ ಕಂಡಿಕೆ

ಇಂದು ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ರೀಲು ಬೇರೊಂದು ಜಾತಿಯದು. ಇದರ ಮರ್ಮವನ್ನು ಬಲ್ಲವರು ಐಗಳಿಗೆ ದೂರದವರೇನಲ್ಲ. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿದರೆ ಸಾಕು. ಮಗ್ಗದ ಲಾಳಿಯೊಳಗೆ ನೂಲಿನ ಕಂಡಿಕೆ ತಿರುಗುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ. ನೂಲು ಅದರ ತುದಿಯಿಂದ ಸುರುಳಿಸುರುಳಿಯಾಗಿ ಜಾರಿ ಹೊರಬರುತ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆಯ ಗಿರಣಿಗಳ ಊರು. ಅಲ್ಲಿನ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಎಂಬಾತನು ೧೯೦೫ರಲ್ಲಿ ಈ ತತ್ತ್ವವನ್ನೇ ಮೀನಿನ ರೀಲಿಗೆ ಹೊಂದಿಸಿ ಹಕ್ಕುಪತ್ರ ಪಡೆದನು. ಕಂಡಿಕೆ ಸ್ಥಿರ, ಬೀಸಿದಾಗ ದಾರ ತಾನಾಗಿ ಜಾರುತ್ತದೆ. ಹಿಡಿಕೆಯನ್ನು ತಿರುವಿದಾಗ ಕಂಡಿಕೆಯ ಸುತ್ತ ತಂತಿಯ ಬಳೆಯೊಂದು ತಿರುಗಿ ದಾರವನ್ನು ಮತ್ತೆ ಸುತ್ತುತ್ತದೆ. ಕಲಿಯುವವನಿಗೆ ಇದಕ್ಕಿಂತ ಸುಲಭವಾದುದು ಇನ್ನೊಂದಿಲ್ಲ.

ಸುಲಭವೆಂಬುದು ಕೈಗೆ ಮಾತ್ರ. ಹೊಟ್ಟೆಯೊಳಗೆ ಅದು ಗಡಿಯಾರದಂತೆ ತೊಡಕಾದುದು. ಹಿಡಿಕೆಗೆ ಜೋಡಿಸಿದ ದೊಡ್ಡ ಹಲ್ಲುಚಕ್ರ, ಅದಕ್ಕೆ ಕಚ್ಚಿದ ಚಿಕ್ಕ ಹಲ್ಲುಚಕ್ರ, ಅವು ತಿರುಗುವ ಗುಂಡಿನ ಬೇರಿಂಗುಗಳು, ಬಳೆಯನ್ನು ಮಡಚುವ ಸ್ಪ್ರಿಂಗು, ದಾರ ಉಜ್ಜಿಕೊಂಡು ಹೋಗುವ ಸಣ್ಣ ಉರುಳೆ, ದೊಡ್ಡ ಮೀನು ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಬಿಗಿತಿರುಪು—ಇವೆಲ್ಲ ಒಂದು ಹಿಡಿಯಷ್ಟು ಜಾಗದಲ್ಲಿ ಅಡಗಿವೆ. ಅಗ್ಗದ ರೀಲಿನಲ್ಲಿ ತಯಾರಕನು ಹಣ ಉಳಿಸುವುದು ಹೊರಗಿನ ಹೊಳಪಿನಲ್ಲಲ್ಲ. ಕಣ್ಣಿಗೆ ಕಾಣದ ಈ ಒಳಭಾಗಗಳಲ್ಲಿ.

ಉಪ್ಪಿನ ಕೆಲಸ

ಕೃಷ್ಣೆಯ ದಡದಲ್ಲಿ ಅಂಥ ರೀಲು ಹಲವು ವರ್ಷ ಬಾಳೀತು. ಕಡಲಲ್ಲಿ ಹಾಗಲ್ಲ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿದೆ. ಅಲೆ ಬಂಡೆಗೆ ಬಡಿದಾಗ ಏಳುವ ನವಿರಾದ ತುಂತುರು ಗಾಳಿಯೊಡನೆ ಬಂದು ರೀಲಿನ ಸಂದುಗಳನ್ನು ಹೊಕ್ಕು ಕೂರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆ ಉಪ್ಪು ಕರಾವಳಿಯ ತೇವದ ಗಾಳಿಯಿಂದ ಮತ್ತೆ ನೀರನ್ನು ಹೀರಿ, ಹಗಲಿರುಳೂ ಲೋಹವನ್ನು ಒದ್ದೆಯಾಗಿಯೇ ಇಡುತ್ತದೆ. ಬೇಟೆ ಮುಗಿದು ಬೇಟೆಗಾರ ನಿದ್ರೆ ಹೋದ ಮೇಲೂ ಉಪ್ಪಿನ ಕೆಲಸ ನಿಲ್ಲುವುದಿಲ್ಲ.

ಉಕ್ಕು ಕೆಂಪಗೆ ತುಕ್ಕು ಹಿಡಿಯುವುದು ಎಲ್ಲರೂ ಬಲ್ಲ ಸಂಗತಿ. ಅಲ್ಯೂಮಿನಿಯಂ ತುಕ್ಕು ಹಿಡಿಯದೆಂದು ನಂಬುವವರುಂಟು; ಅದೂ ಬಿಳಿಯ ಪುಡಿಯಾಗಿ ಸವೆಯುತ್ತದೆ. ಅಲ್ಯೂಮಿನಿಯಮ್ಮಿನ ಒಡಲಿಗೆ ಉಕ್ಕಿನ ತಿರುಪು ಹೊಕ್ಕಿರುವೆಡೆಯಲ್ಲಂತೂ ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಕೂಡಿ, ವಿದ್ಯುತ್ಕೋಶವೊಂದು ಏರ್ಪಟ್ಟಂತಾಗಿ, ಅಲ್ಯೂಮಿನಿಯಂ ಬೇಗ ಸವೆದು ತಿರುಪು ಕಚ್ಚಿಕೊಳ್ಳುತ್ತದೆ. ಬಿಚ್ಚಲು ಹೋದರೆ ತಲೆ ಮುರಿದು ಕೈಗೆ ಬರುತ್ತದೆ.

ಅಂಗಡಿಯ ಮುಂದೆ

ಹೀಗಿರಲು ಕೊಳ್ಳುವವನು ಮಾಡಬೇಕಾದುದೇನು? ಅಥಣಿಯ ಪೇಟೆಯಲ್ಲಿ ಚಪ್ಪಲಿ ಕೊಳ್ಳುವ ರೈತನನ್ನು ನೋಡಿ ಕಲಿಯಬೇಕು. ಕೊಲ್ಹಾಪುರಿ ಎಂದು ಹೆಸರಾದ ಆ ತೊಗಲಿನ ಚಪ್ಪಲಿಗಳ ತಯಾರಿಕೆಯಲ್ಲಿ ಅಥಣಿಯ ಪಾಲೂ ಹಿರಿದು. ೨೦೧೯ರಲ್ಲಿ ಅವಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಡನೆ ಬೆಳಗಾವಿಯ ಹೆಸರೂ ಸೇರಿದೆ. ಚಪ್ಪಲಿಯನ್ನು ಬಲ್ಲ ರೈತನು ಮೊದಲು ಬಣ್ಣ ನೋಡುವುದಿಲ್ಲ. ಅಟ್ಟೆಯನ್ನು ಬಾಗಿಸಿ, ತೊಗಲಿನ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ, ಆಮೇಲೆ ಬೆಲೆ ಕೇಳುತ್ತಾನೆ. ರೀಲನ್ನೂ ಹಾಗೆಯೇ ಕೈಯಿಂದ ಪರೀಕ್ಷಿಸಬೇಕು.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಬೇರಿಂಗುಗಳ ಸಂಖ್ಯೆಯೇ ಮೊದಲ ಮಾಯೆ. ಕಾಳಿ ನದಿ ಕಡಲು ಸೇರುವ ಕೋಡಿಬಾಗದ ದಂಡೆಯಲ್ಲಿ ಹೊಸ ಬೇಟೆಗಾರನಿಗೂ ಹಳಬನಿಗೂ ನಡುವೆ ಇಂಥ ಮಾತು ನಡೆಯುವುದು ಅಪೂರ್ವವೇನಲ್ಲ:

“ಅಜ್ಜಾರ, ಈ ಡಬ್ಬೀ ಮ್ಯಾಲ ಹತ್ತು ಬೇರಿಂಗ್ ಅಂತ ಬರದಾರ್ರಿ. ಹೆಚ್ಚಿದ್ದಷ್ಟು ಛಲೋ ಅಲ್ಲೇನ್ರಿ?”

“ಹೆಚ್ಚಿದ್ದಷ್ಟೂ ತುಕ್ಕಿಗೆ ಜಾಗ ಹೆಚ್ಚು, ತಮ್ಮಾ. ನಾಲ್ಕೇ ಇರಲಿ, ಒಳ್ಳೇದಿರಲಿ.”

ಆ ಮುದುಕನ ಮಾತಿನಲ್ಲಿ ಲೋಹಶಾಸ್ತ್ರವೇ ಅಡಗಿದೆ. ಸಾಮಾನ್ಯ ಉಕ್ಕಿನ ಹತ್ತು ಬೇರಿಂಗುಗಳಿಗಿಂತ ತುಕ್ಕುನಿರೋಧಕ ಉಕ್ಕಿನ ಮೂರು-ನಾಲ್ಕು ಲೇಸು. ಕೆಲವೆಡೆ ಬೇರಿಂಗಿಗೆ ಬದಲಾಗಿ ಕಂಚಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಸರಳ ಬಳೆ ಇದ್ದರೂ ಕೀಳೆಂದು ಭಾವಿಸಬೇಕಾಗಿಲ್ಲ. ತಿರುಗುವಾಗ ಅದು ತುಸು ಒರಟು. ಆದರೆ ಉಪ್ಪಿಗೆ ಅಂಜುವುದಿಲ್ಲ.

ಎರಡನೆಯದು ಒಡಲು. ಅಗ್ಗದ ರೀಲುಗಳಲ್ಲಿ ಒಡಲು ಹೆಚ್ಚಾಗಿ ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್ಕಿನದು. ಮಾರುವವರು ಅದನ್ನು ಗ್ರಾಫೈಟ್ ಎನ್ನುತ್ತಾರೆ. ಲೋಹದ ಒಡಲೇ ಮೇಲೆಂಬ ಭ್ರಮೆ ಅನೇಕರಿಗುಂಟು. ಭಾರೀ ಮೀನಿನ ಎಳೆತಕ್ಕೆ ಲೋಹದ್ದು ಬಾಗದೆನ್ನುವುದು ನಿಜ. ಆದರೆ ದಡದಿಂದ ಒಂದೆರಡು ಕಿಲೋ ತೂಗುವ ಮೀನನ್ನು ಹಿಡಿಯುವವನಿಗೆ ತುಕ್ಕು ಹಿಡಿಯದ ಗ್ರಾಫೈಟ್ ಒಡಲೇ ಸಾಕು. ಕಂಡಿಕೆ ಮಾತ್ರ ಅಲ್ಯೂಮಿನಿಯಮ್ಮಿನದಿರಲಿ. ಅದರ ಅಂಚಿನ ಮೇಲೆ ಉಗುರಾಡಿಸಿದರೆ ಎಲ್ಲಿಯೂ ತಡೆಯಬಾರದು. ಅಲ್ಲಿ ಒಂದು ಗೀರಿದ್ದರೂ ಬೀಸುವಾಗ ದಾರ ಹರಿಯುತ್ತದೆ.

ಮೂರನೆಯದು ಹಿಡಿಕೆ. ಹಿಂದುಮುಂದಾಗಿ ಅಲ್ಲಾಡಿಸಿದರೆ ಗಡಗಡ ಸದ್ದು ಬಾರದಿರಬೇಕು. ನೇರವಾಗಿ ಹಲ್ಲುಚಕ್ರಕ್ಕೇ ತಿರುಪಿ ಕೂರುವ ಹಿಡಿಕೆಯು ಮಡಚುವ ಹಿಡಿಕೆಗಿಂತ ಭದ್ರ. ನಿಧಾನವಾಗಿ ತಿರುವಿದಾಗ ಮರಳು ಅಗಿದಂತಾದರೆ ಹಲ್ಲುಗಳು ಸರಿಯಾಗಿ ಕೂಡಿಲ್ಲವೆಂದೇ ಅರ್ಥ. ಹೊಸದರಲ್ಲಿ ಒರಟಾಗಿದ್ದುದು ಹಳತಾದಾಗ ನುಣುಪಾಗುವುದೆಂಬ ಅಂಗಡಿಕಾರನ ಭರವಸೆಯನ್ನು ನಂಬಲಾಗದು.

ನಾಲ್ಕನೆಯದು ಬಳೆಯ ಮೂಲೆಯಲ್ಲಿರುವ ಸಣ್ಣ ಉರುಳೆ. ರೀಲಿನಲ್ಲಿ ಮೊದಲು ಸಾಯುವ ಅಂಗ ಇದೇ. ದಾರದೊಡನೆ ಬರುವ ಉಪ್ಪುನೀರೆಲ್ಲ ಇದರ ಮೇಲೆಯೇ ಹರಿಯುತ್ತದೆ. ಇದು ತಿರುಗದೆ ನಿಂತರೆ ದಾರ ಒಂದೇ ಜಾಗದಲ್ಲಿ ಉಜ್ಜಿ, ಅಲ್ಲಿ ಗೆರೆ ಕೊರೆದು, ಆ ಗೆರೆಯೇ ಮುಂದೆ ದಾರವನ್ನು ಕತ್ತರಿಸುವ ಅಲಗಾಗುತ್ತದೆ. ಬೆರಳಿನಿಂದ ತಳ್ಳಿ ತಿರುಗುವುದನ್ನು ಖಚಿತಪಡಿಸಿಕೊಳ್ಳಬೇಕು. ಬಿಚ್ಚಿ ಎಣ್ಣೆ ಬಿಡಲು ಬರುವಂತೆ ಅದಕ್ಕೊಂದು ತಿರುಪಿರಬೇಕು.

ಐದನೆಯದು ಬಿಗಿತಿರುಪು. ಅದನ್ನು ಅರ್ಧ ಬಿಗಿದು ದಾರವನ್ನು ಮೆಲ್ಲನೆ ಎಳೆಯಬೇಕು. ಎಳೆ ಒಂದೇ ಸಮನೆ ಬಂದರೆ ಒಳ್ಳೆಯದು. ತಡೆತಡೆದು ಜಗ್ಗಿದಂತೆ ಬಂದರೆ ಅದೇ ಜಗ್ಗಿಗೆ ಮುಂದೆ ಮೀನು ದಾರ ಹರಿದುಕೊಂಡು ಹೋಗುತ್ತದೆ. ಬಳಸುವಾಗ ದಾರದ ತಾಳಿಕೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬಿಗಿಯನ್ನು ಇಡುವುದು ವಾಡಿಕೆ. ಏಳು ಕಿಲೋ ತಾಳುವ ನೈಲಾನ್ ದಾರಕ್ಕೆ ಎರಡು ಕಿಲೋ ಬಿಗಿ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿನ ಬಿಗಿಯ ಅಂಕಿಗಳು ಡಬ್ಬಿಯ ಅಲಂಕಾರ.

ಅಯಸ್ಕಾಂತದ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಹೋಗುವ ಜಾಣರೂ ಇದ್ದಾರೆ. ಬಳೆಯ ತಂತಿಗೆ, ಹೊರಗಿನ ತಿರುಪುಗಳಿಗೆ ಅದು ಅಂಟದಿದ್ದರೆ ಸಮಾಧಾನ ಪಡಬಹುದು. ಅಂಟಿದ ಮಾತ್ರಕ್ಕೆ ತಿರಸ್ಕರಿಸುವಂತಿಲ್ಲ. ತುಕ್ಕುನಿರೋಧಕ ಉಕ್ಕಿನಲ್ಲಿಯೂ ಅಯಸ್ಕಾಂತಕ್ಕೆ ಒಲಿಯುವ ಜಾತಿಗಳಿವೆ.

ಗಾತ್ರದ ವಿಚಾರ ಸರಳವಾದುದು. ದಡದಿಂದ ಬೀಸುವ ಎಂಟು-ಒಂಬತ್ತು ಅಡಿಯ ಕೋಲಿಗೆ, ತಯಾರಕರು ನಾಲ್ಕು ಸಾವಿರವೆಂದು ಅಂಕೆ ಹಾಕುವ ಅಳತೆ ಹೊಂದುತ್ತದೆ. ೦.೩೫ ಮಿಲಿಮೀಟರು ದಪ್ಪದ ದಾರ ನೂರೈವತ್ತು ಮೀಟರಿನಷ್ಟಾದರೂ ಅದರಲ್ಲಿ ಹಿಡಿಯಬೇಕು. ಹೆಸರಿನ ಮಾತೂ ಬರುತ್ತದೆ. ಅಮೆರಿಕದ ಫಿಲಡೆಲ್ಫಿಯದಲ್ಲಿ ೧೯೩೨ರಲ್ಲಿ ಹುಟ್ಟಿದ ಪೆನ್ ಸಂಸ್ಥೆ ಕಡಲಿನ ರೀಲುಗಳಿಂದಲೇ ಹೆಸರಾಯಿತು. ೧೯೨೧ರಲ್ಲಿ ಸಕಾಯ್ ನಗರದಲ್ಲಿ ಸೈಕಲ್ಲಿನ ಬಿಡಿಭಾಗದಿಂದ ಆರಂಭಿಸಿದ ಜಪಾನಿನ ಶಿಮಾನೋ ಮುಂದೆ ರೀಲಿಗೂ ಕೈಹಾಕಿತು. ಇಂಥವರ ಅತಿ ಅಗ್ಗದ ಮಾದರಿಗಳೂ ಇವೆ. ಹೆಸರು ದೊಡ್ಡದಿರುವುದರಿಂದ ಅಗ್ಗದ ಮಾದರಿಗೆ ಉಪ್ಪು ರಿಯಾಯಿತಿ ತೋರುವುದಿಲ್ಲ. ಆದರೆ ಬಿಡಿಭಾಗ ದೊರೆಯುವ ಸಂಭವ ಹೆಚ್ಚು. ಬಡವನು ಹೆಸರಿಗೆ ಬೆಲೆ ಕೊಡಬೇಕಾದುದು ಆ ಒಂದು ಕಾರಣಕ್ಕೆ.

ಇಷ್ಟೆಲ್ಲ ನೋಡಿಯೂ ಕಿಸೆಯಲ್ಲಿರುವುದು ಐದುನೂರು ರೂಪಾಯಿ ಮಾತ್ರವಾದರೆ? ಆಗ ರೀಲನ್ನೇ ಕೊಳ್ಳದಿರುವುದು ಅತ್ಯಂತ ಉತ್ತಮವಾದ ಆಯ್ಕೆ. ಕರಾವಳಿಯ ಹರಿಕಂತ್ರರು, ಖಾರ್ವಿಗಳು, ಅಂಬಿಗರು ಬಲ್ಲ ಕೈದಾರದ ವಿದ್ಯೆಗೆ ರೀಲು ಬೇಡ. ಮರದ ತುಂಡಿಗೋ ಖಾಲಿ ಶೀಷೆಗೋ ಸುತ್ತಿದ ನೈಲಾನ್ ದಾರ, ತುದಿಗೊಂದು ಸೀಸದ ಗುಂಡು, ಒಂದು ಗಾಳ. ಇದರಲ್ಲಿ ತುಕ್ಕು ಹಿಡಿಯುವುದು ಗಾಳವೊಂದೇ. ಅದರ ಬೆಲೆಯೋ ಕೆಲವೇ ರೂಪಾಯಿ. ಹಲ್ಲುಚಕ್ರವಿಲ್ಲದ ಸರಳತೆಯೇ ಬಲವೆಂಬುದನ್ನು ಆಸ್ಟ್ರೇಲಿಯವೂ ಒಪ್ಪಿದೆ. ಬ್ರಿಸ್ಬೇನಿನ ಚಾರ್ಲ್ಸ್ ಆಲ್ವಿ ಎಂಬಾತನು ೧೯೨೦ರಲ್ಲಿ ತಯಾರಿಸತೊಡಗಿದ ಅಗಲವಾದ ಚಕ್ರದ ಸರಳ ರೀಲು, ಮರಳು-ಉಪ್ಪುಗಳನ್ನು ತಾಳಿಕೊಂಡು ಅಲ್ಲಿನ ದಡಗಳಲ್ಲಿ ತಲೆಮಾರುಗಳವರೆಗೆ ಮೆರೆಯಿತು. ಐದುನೂರರ ಹೊಳೆಯುವ ಯಂತ್ರಕ್ಕಿಂತ ಐವತ್ತರ ಕೈದಾರ ಮನೆಗೆ ಹೆಚ್ಚು ಮೀನು ತಂದೀತು.

ಒಂದು ತಂಬಿಗೆ ಸಿಹಿನೀರು

ಕೊಂಡ ರೀಲು ಬಾಳುವುದು ಬೆಲೆಯಿಂದಲ್ಲ, ಉಪಚಾರದಿಂದ. ಇದಕ್ಕೆ ಬೇಕಾದ ಔಷಧವು ಬಯಲುಸೀಮೆಯವನು ಚಿಕ್ಕಂದಿನಿಂದ ಬೆಲೆ ಬಲ್ಲ ವಸ್ತುವೇ ಆಗಿದೆ: ಒಂದು ತಂಬಿಗೆ ಸಿಹಿನೀರು. ಬೇಟೆ ಮುಗಿದ ದಿನವೇ, ಉಪ್ಪು ಗಟ್ಟಿಯಾಗುವ ಮುನ್ನ, ಬಿಗಿತಿರುಪನ್ನು ಪೂರ್ತಿ ಬಿಗಿದು, ರೀಲಿನ ಮೇಲೆ ನೀರನ್ನು ಮೆಲ್ಲಗೆ ಸುರಿಯಬೇಕು. ಬಿಗಿಯುವುದು ಒಳಗಿನ ಬಿಲ್ಲೆಗಳಿಗೆ ನೀರು ಇಳಿಯದಿರಲೆಂದು. ರಭಸದ ಧಾರೆ ಉಪ್ಪನ್ನು ಹೊರಗೆ ತೊಳೆಯುವ ಬದಲು ಒಳಗೆ ನೂಕುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಿಡುವುದೂ ಸಲ್ಲದು. ಮರಳು ಮೆತ್ತಿತೆಂದು ಅಲೆಯಲ್ಲೇ ಅದ್ದಿ ತೆಗೆಯುವುದಂತೂ ರೀಲಿನ ಕೊಲೆಯೇ ಸರಿ.

ತೊಳೆದ ಮೇಲೆ ಕೊಡವಿ, ಒಣಬಟ್ಟೆಯಿಂದ ಒರಸಿ, ಬಿಗಿಯನ್ನು ಸಡಿಲಿಸಿ, ನೆರಳಿನಲ್ಲಿ ಆರಲಿಡಬೇಕು. ಹಸಿರು ಕೆಡದಂತೆ ಒಣದ್ರಾಕ್ಷಿಯನ್ನು ನೆರಳಿನ ಚಪ್ಪರದಲ್ಲಿ ಹರಡುವ ಸೀಮೆಯವರಿಗೆ ಬಿಸಿಲಿನ ಆತುರ ಸಲ್ಲದೆಂದು ಬೇರೆ ಹೇಳಬೇಕಾಗಿಲ್ಲ. ಆರಿದ ಮೇಲೆ ಉರುಳೆಗೊಂದು ಹನಿ, ಹಿಡಿಕೆಯ ಗುಬುಟಿಗೊಂದು ಹನಿ ತೆಳ್ಳನೆಯ ಯಂತ್ರದೆಣ್ಣೆ. ವರ್ಷಕ್ಕೊಮ್ಮೆ ಪಕ್ಕದ ಮುಚ್ಚಳ ಬಿಚ್ಚಿ, ಹಳೆಯ ಗ್ರೀಸನ್ನು ಒರಸಿ, ಹೊಸದನ್ನು ಹಚ್ಚಬೇಕು. ತಿರುಪುಗಳಿಗೂ ತುಸು ಗ್ರೀಸು ಸವರಿ ಮತ್ತೆ ಕೂರಿಸಬೇಕು. ಲೋಹಗಳೆರಡರ ನಡುವಿನ ಜಗಳಕ್ಕೆ ಆ ಗ್ರೀಸೇ ಮಧ್ಯಸ್ಥ. ಕಾಲುಗಂಟೆಯ ಈ ಶ್ರಮವನ್ನು ವಹಿಸುವವನ ಕೈಯಲ್ಲಿ ಅಗ್ಗದ ರೀಲೂ ಹಲವು ಹಂಗಾಮು ದಾಟುತ್ತದೆ. ವಹಿಸದವನ ಕೈಯಲ್ಲಿ ಹತ್ತು ಸಾವಿರದ್ದೂ ಕಚ್ಚಿಕೊಳ್ಳುತ್ತದೆ.

ಕಡಲ ಮರ್ಯಾದೆ

ಕಾರವಾರದ ಕಡಲು ನೋಟಕ್ಕೆ ಸೌಮ್ಯವಾದುದು. ಕಾಳಿಯ ಮುಖ, ಅದರಾಚೆಯ ಸದಾಶಿವಗಡ, ನೀರಿನಲ್ಲಿ ತೇಲಿದಂತಿರುವ ನಡುಗಡ್ಡೆಗಳು ಬಯಲುಸೀಮೆಯವನ ಮನಸ್ಸನ್ನು ಸೆರೆಹಿಡಿಯುತ್ತವೆ. ಉಬ್ಬರ ತಿರುಗುವ ಹೊತ್ತಿಗೆ ಅಳಿವೆಯ ಬಾಯಲ್ಲಿ ಮೀನು ಚುರುಕಾಗುತ್ತದೆ. ಬಂಡೆಗಳ ಸಂದಿನಲ್ಲಿ ಮುರುಮೀನು ಹೊಂಚುತ್ತದೆ. ಆದರೆ ಹೊಳೆಯ ಮಡುವನ್ನು ಬಲ್ಲವನು ಕಡಲನ್ನೂ ಬಲ್ಲನೆಂದು ತಿಳಿಯುವುದು ಅಪಾಯ. ೨೦೨೪ರ ಡಿಸೆಂಬರಿನಲ್ಲಿ, ಮಳೆಗಾಲ ಕಳೆದು ಪ್ರವಾಸದ ಸೊಗಸಿನ ದಿನಗಳಲ್ಲಿಯೇ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಒಣನಾಡಿನಿಂದ ಬರುವ ಎಲ್ಲರಿಗೂ ಅದು ಮರೆಯಲಾಗದ ಎಚ್ಚರಿಕೆ. ಪಾಚಿಗಟ್ಟಿದ ಬಂಡೆಯ ತುದಿಗೆ ಒಂಟಿಯಾಗಿ ಹೋಗಬಾರದು. ಕಡಲಿಗೆ ಬೆನ್ನು ಕೊಟ್ಟು ನಿಲ್ಲಬಾರದು. ಗಾಳ ಕಲ್ಲಿಗೆ ಸಿಕ್ಕಿಕೊಂಡರೆ ದಾರ ಕತ್ತರಿಸಿ ಬಿಡಬೇಕೇ ಹೊರತು ಬಿಡಿಸಲು ನೀರಿಗಿಳಿಯಬಾರದು.

ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಕರ್ನಾಟಕದ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ದಡದ ಗಾಳಕ್ಕೆ ಆ ಕಟ್ಟಳೆ ತಾಕದಿದ್ದರೂ, ಕಡಲಿನಲ್ಲೇ ಹುಟ್ಟಿ ಬೆಳೆದವರ ದೋಣಿಗಳು ದಡ ಸೇರಿರುವ ಆ ದಿನಗಳಲ್ಲಿ ಬಂಡೆಯ ಮೇಲೆ ನಿಲ್ಲುವ ಸಾಹಸ ಬೇಡ. ಕಾರವಾರದ ತೆಂಕಣಕ್ಕೆ ೨೦೦೫ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ ಐಎನ್ಎಸ್ ಕದಂಬವಿದೆ. ಅದರ ಸೀಮೆಯ ಬಳಿ ಕೋಲು ಹಿಡಿದು ಸುಳಿಯಲೂಬಾರದು. ಅಂಗೈಯಗಲದ ಮರಿಮೀನು ಸಿಕ್ಕಿದರೆ ಒದ್ದೆಗೈಯಿಂದ ಗಾಳ ಬಿಡಿಸಿ ನೀರಿಗೆ ಬಿಡುವುದು ಆ ದಡವನ್ನೇ ನಂಬಿ ಬದುಕುವವರಿಗೆ ಅತಿಥಿಯು ಸಲ್ಲಿಸುವ ಮರ್ಯಾದೆ.

ಕತ್ತಲಾಗುವ ಮುನ್ನ ಪ್ರವಾಸಿಗರ ವಾಹನಗಳು ಮತ್ತೆ ಘಟ್ಟದ ದಾರಿ ಹಿಡಿಯುತ್ತವೆ. ಅಷ್ಟರೊಳಗೆ ವಸತಿಗೃಹದ ನಲ್ಲಿಯಿಂದಲೋ ದಾರಿಬದಿಯ ಬಾವಿಯಿಂದಲೋ ಒಂದು ತಂಬಿಗೆ ನೀರು ಸಂಪಾದಿಸಿ ರೀಲನ್ನು ತೊಳೆದುಕೊಂಡವನು ಜಾಣ. ಐಗಳಿಯವರೆಗಿನ ದಾರಿ ಉದ್ದವಾದುದು. ಉಪ್ಪು ಅಷ್ಟು ಹೊತ್ತು ಸುಮ್ಮನಿರುವುದಿಲ್ಲ.